ಹನ್ನೆರಡು ಹೊಡೆದರೆ ಎಲ್ಲ ಸರಿಹೋಗುತ್ತೆ

ಒಂದು ಆಸ್ಪತ್ರೆ ಕೋಣೆ. ಮಂಚದ ಮೇಲೆ ರಾಬರ್ಟ್ ಡಿ ನೀರೋ. ನೋಡಿಕೊಳ್ಳುವ ನರ್ಸ್ ಹ್ಯಾಲಿ ಬೆರಿ. ಕೊನೆ ಗಳಿಗೆಯಲ್ಲಿ ಓಡೋಡಿ ಬರುವ ಮಗಳು ಹಿಲರಿ ಸ್ವಾಂಕ್. ಡಿ ನೀರೋಗೆ ಎರಡು ಆಸ್ಕರ್, ಸ್ವಾಂಕ್‌ಗೆ ಎರಡು, ಬೆರಿಗೆ ಒಂದು. ಒಂದೇ ಕೋಣೆಯಲ್ಲಿ ಐದು ಆಸ್ಕರ್! ಇಷ್ಟೆಲ್ಲ ಇದ್ದೂ, ಸಿನಿಮಾ ಮುಗಿದ ಮೇಲೆ ಆ ಕೋಣೆಯಲ್ಲಿ ಏನಾಯ್ತು ಅಂತ ಯಾರಾದರೂ ಕೇಳಿದರೆ ಎರಡು ವಾಕ್ಯಕ್ಕಿಂತ ಜಾಸ್ತಿ ಹೇಳೋಕೆ ಆಗುವುದಿಲ್ಲ.

ಸಿನಿಮಾದ ಹೆಸರು 'ನ್ಯೂ ಇಯರ್ಸ್ ಈವ್'. 2011ರ ಡಿಸೆಂಬರ್‌ನಲ್ಲಿ ಬಂತು. ನಿರ್ದೇಶಕರು ಗ್ಯಾರಿ ಮಾರ್ಷಲ್, ಬರೆದವರು ಕ್ಯಾಥರೀನ್ ಫ್ಯೂಗೇಟ್. ಕಥೆ ನಡೆಯುವುದು ನ್ಯೂಯಾರ್ಕ್‌ನಲ್ಲಿ, ಡಿಸೆಂಬರ್ 31ರಂದು, ಬೆಳಗಿನಿಂದ ಮಧ್ಯರಾತ್ರಿವರೆಗೆ. ಆಗಲೇ ಹೇಳಿದ ಮೂವರಲ್ಲದೆ ಮಿಶೆಲ್ ಫೈಫರ್, ಝ್ಯಾಕ್ ಎಫ್ರಾನ್, ಆಶ್ಟನ್ ಕಚರ್, ಲಿಯಾ ಮಿಶೆಲ್, ಕ್ಯಾಥರೀನ್ ಹೈಗಲ್, ಜಾನ್ ಬಾನ್ ಜೋವಿ, ಸಾರಾ ಜೆಸಿಕಾ ಪಾರ್ಕರ್, ಜಾಶ್ ಡುಹಮೆಲ್, ಜೆಸಿಕಾ ಬೀಲ್... ಪೋಸ್ಟರ್ ತುಂಬ ಮುಖಗಳೇ. ಪ್ರತಿ ಡಿಸೆಂಬರ್ ಕೊನೆ ವಾರ ಇದು ಎಲ್ಲಾದರೂ ಒಂದು ಕಡೆ ಕಣ್ಣಿಗೆ ಬೀಳುತ್ತದೆ. ನಾನೂ ಕೂತು ನೋಡುತ್ತೇನೆ. ಇಂಥ ಸಿನಿಮಾಗಳೆಂದರೆ ನನಗೆ ಇಷ್ಟವೇ. ಚಳಿಗಾಲ, ದೀಪದ ಸರ, ಯಾರೋ ಯಾರನ್ನೋ ಹುಡುಕಿಕೊಂಡು ಓಡೋದು, ಎಲ್ಲ ಚೆನ್ನಾಗಿರುತ್ತೆ. ಅದಕ್ಕೇ ಇದು ಯಾಕೆ ಹೀಗಾಯ್ತು ಅನ್ನೋ ಹೊಟ್ಟೆಯುರಿ ಸ್ವಲ್ಪ ಜಾಸ್ತಿ.

ಲೆಕ್ಕದಿಂದಲೇ ಶುರು ಮಾಡೋಣ. ಸಿನಿಮಾದ ಉದ್ದ 118 ನಿಮಿಷ. ಕಥೆಗಳು ಸುಮಾರು ಎಂಟು. ಅಂದರೆ ಒಂದೊಂದಕ್ಕೆ ಕಾಲು ಗಂಟೆಯೂ ಇಲ್ಲ. ಅಷ್ಟರಲ್ಲೇ ಒಬ್ಬ ಮನುಷ್ಯನ ಪರಿಚಯ ಆಗಬೇಕು, ಅವನಿಗೊಂದು ಕಷ್ಟ ಬರಬೇಕು, ಒಂದು ಹಾಡು ಆಗಬೇಕು, ಕೊನೆಗೊಂದು ಮುತ್ತು ಸಿಗಬೇಕು. ಬರೆಯೋಕೆ ಜಾಗವೇ ಇಲ್ಲ. ಆ ಜಾಗದಲ್ಲಿ ತಾರೆಯ ಮುಖ ತಂದು ನಿಲ್ಲಿಸುತ್ತಾರೆ. ಆಶ್ಟನ್ ಕಚರ್ ಗಡ್ಡ ಬಿಟ್ಟುಕೊಂಡು ಹೊಸ ವರ್ಷ ಅಂದರೆ ಸಿಡುಕುತ್ತಾನೆ. ಒಳಗೆ ಒಳ್ಳೆ ಹುಡುಗನೇ ಅಂತ ನಮಗೆ ಮೊದಲೇ ಗೊತ್ತು, ಅವನ ಹಳೆ ಸಿನಿಮಾ ನೋಡಿದ್ದೇವಲ್ಲ. ಲಿಯಾ ಮಿಶೆಲ್ ಟಿವಿ ಧಾರಾವಾಹಿಯಲ್ಲಿ ಹಾಡಿ ಹೆಸರಾದವಳು, ಇಲ್ಲೂ ಹಾಡುಗಾರ್ತಿ. ಬಾನ್ ಜೋವಿ ನಿಜಜೀವನದಲ್ಲಿ ರಾಕ್ ಸ್ಟಾರ್, ಇಲ್ಲೂ ರಾಕ್ ಸ್ಟಾರ್. ಪಾತ್ರದ ಹೆಸರು ಜೆನ್ಸೆನ್ ಅಂತ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ. ನಮ್ಮ ಮಲ್ಟಿಸ್ಟಾರರ್‌ಗಳಲ್ಲೂ ಇದೇ ಪಾಡು. ಪ್ರತಿಯೊಬ್ಬ ಹೀರೋಗೂ ಒಂದು ಎಂಟ್ರಿ, ಒಂದು ಶಿಳ್ಳೆ, ಆಮೇಲೆ ಮುಂದಿನವರು.

ಹಾಗಂತ ತಾರೆಯರು ಜಾಸ್ತಿಯಾದರು, ಕಥೆ ಕಮ್ಮಿಯಾಯ್ತು ಅಂತ ಹೇಳಿ ಕೈತೊಳೆದುಕೊಂಡರೆ ಪೂರ್ತಿ ವಿಷಯ ಹೇಳಿದ ಹಾಗಾಗುವುದಿಲ್ಲ. ಚಿಕ್ಕ ಕಥೆಯಲ್ಲೂ ಜೀವ ತುಂಬಬಹುದು. ಪುಟ್ಟಣ್ಣ ಕಣಗಾಲ್ 1976ರಲ್ಲಿ 'ಕಥಾಸಂಗಮ' ಮಾಡಿದಾಗ ಒಂದೇ ಟಿಕೆಟ್ಟಿಗೆ ಮೂರು ಕಥೆ ತೋರಿಸಿದರು. ಒಂದು ಮುಗಿದ ಮೇಲೇ ಇನ್ನೊಂದು. ಪ್ರತಿ ಕಥೆಗೂ ಅದರದೇ ಉಸಿರು ಇತ್ತು. ಇಲ್ಲಿ ಹಾಗಲ್ಲ. ಎಂಟನ್ನೂ ಚೂರು ಚೂರು ಮಾಡಿ ಕಲಸಿದ್ದಾರೆ. ಯಾಕೆ ಕಲಸಿದರು ಅಂದರೆ, ಕೊನೆಯಲ್ಲಿ 'ಅಯ್ಯೋ, ಇವಳು ಅವಳ ಮಗಳಾ!' ಅಂತ ನಾವು ಬಾಯಿ ಬಿಡಬೇಕು. ನನ್ನ ದೊಡ್ಡ ತಕರಾರು ಇದೇ.

ಹಿಲರಿ ಸ್ವಾಂಕ್ ಪಾತ್ರವನ್ನೇ ನೋಡಿ. ಅವಳ ಹೆಸರು ಕ್ಲೇರ್. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಹೊಸ ವರ್ಷ ಬಂತು ಅಂತ ಸಾರೋಕೆ ಮಧ್ಯರಾತ್ರಿ ದೀಪದ ದೊಡ್ಡ ಚೆಂಡನ್ನು ಕಂಬದ ಮೇಲಿಂದ ಕೆಳಗೆ ಇಳಿಸುತ್ತಾರೆ. ಆ ಕಾರ್ಯಕ್ರಮದ ಪೂರ್ತಿ ಹೊಣೆ ಅವಳದು. ಹೊಸದಾಗಿ ಸಿಕ್ಕ ಹುದ್ದೆ, ಕೈಕಾಲು ಆಡುತ್ತಿಲ್ಲ. ಇನ್ನೊಂದು ಕಡೆ ಆಸ್ಪತ್ರೆಯಲ್ಲಿ ಸ್ಟ್ಯಾನ್ ಅನ್ನುವ ಮುದುಕ, ಅಂದರೆ ಡಿ ನೀರೋ, ಕ್ಯಾನ್ಸರ್‌ನಿಂದ ಸಾಯುತ್ತಿದ್ದಾನೆ. ಚೆಂಡು ಇಳಿಯೋದನ್ನು ಆಸ್ಪತ್ರೆ ತಾರಸಿ ಮೇಲಿಂದ ನೋಡಬೇಕು ಅನ್ನೋದು ಅವನ ಕೊನೆ ಆಸೆ. ಕ್ಲೇರ್ ಅವನ ಮಗಳು. ಇದು ಅವಳಿಗೆ ಗೊತ್ತು, ಅವನಿಗೆ ಗೊತ್ತು, ಬರೆದವರಿಗೆ ಗೊತ್ತು. ನಮಗೆ ಮಾತ್ರ ಹೇಳುವುದಿಲ್ಲ.

ಇದರ ಪರಿಣಾಮ ಏನು ಅಂತ ಯೋಚನೆ ಮಾಡಿ. ಅಪ್ಪ ಸಾಯೋಕೆ ಬಿದ್ದಿದ್ದಾನೆ. ಮಗಳು ಅವತ್ತೇ ಲಕ್ಷಾಂತರ ಜನ ಸೇರುವ ಕಾರ್ಯಕ್ರಮ ನಡೆಸಬೇಕು. ಬಿಟ್ಟು ಹೋಗೋ ಹಾಗಿಲ್ಲ, ಬಿಡದೇ ಇರೋ ಹಾಗೂ ಇಲ್ಲ. ಇದಕ್ಕಿಂತ ಒಳ್ಳೆ ಸಂಕಟ ಯಾವ ಕಥೆಗಾರನಿಗೆ ಸಿಗಬೇಕು? ಕೆಲಸದ ದಿನ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ಫೋನ್ ಬಂದಾಗ ಹೊಟ್ಟೆಯಲ್ಲಿ ಆಗುವ ಸಂಕಟ ಎಲ್ಲರಿಗೂ ಗೊತ್ತು. ಆದರೆ ಸಿನಿಮಾಗೆ ಕೊನೆಯ ಆಶ್ಚರ್ಯ ಬೇಕಲ್ಲ. ಅದಕ್ಕೆ ಕ್ಲೇರ್ ಅದರ ಬಗ್ಗೆ ಬಾಯಿ ಬಿಡುವ ಹಾಗಿಲ್ಲ. ಜೊತೆಗಿರುವ ಪೊಲೀಸ್ ಗೆಳೆಯನ ಹತ್ತಿರವೂ ಮನಸ್ಸು ಬಿಚ್ಚಿ ಮಾತಾಡುವ ಹಾಗಿಲ್ಲ. ಎರಡು ಆಸ್ಕರ್ ಗೆದ್ದ ನಟಿ ಇಡೀ ಸಿನಿಮಾದಲ್ಲಿ ವಾಕಿಟಾಕಿ ಹಿಡಿದು ಗಾಬರಿಯಲ್ಲಿ ಓಡಾಡುತ್ತಾಳೆ. ದುಃಖವನ್ನು ಮುಖದಲ್ಲಿ ತೋರಿಸಿದರೆ ಗುಟ್ಟು ರಟ್ಟಾಗುತ್ತದೆ. ಕೊನೆಗೆ ತಾರಸಿಯಲ್ಲಿ ಅಪ್ಪನ ಪಕ್ಕ ನಿಂತಾಗ ಕಣ್ಣೀರು ಹಾಕುತ್ತಾಳೆ. ನಾವು 'ಓ, ಮಗಳಾ' ಅಂತ ಲೆಕ್ಕ ಹಾಕುತ್ತಾ ಕೂತಿರುತ್ತೇವೆ. ಅಷ್ಟೊತ್ತಿಗೆ ಚೆಂಡು ಇಳಿದೇ ಹೋಗಿರುತ್ತದೆ.

ಒಬ್ಬರ ಗುಟ್ಟಾದರೆ ಹೋಗಲಿ ಅನ್ನಬಹುದಿತ್ತು. ಡುಹಮೆಲ್ ಪಾತ್ರ ಕಳೆದ ವರ್ಷ ಭೇಟಿಯಾದ ಹೆಂಗಸನ್ನು ಹುಡುಕಿಕೊಂಡು ಹೊರಟಿದ್ದಾನೆ. ಯಾರವಳು? ಕೊನೆವರೆಗೂ ಹೇಳುವುದಿಲ್ಲ. ಅವಳು ಸಾರಾ ಜೆಸಿಕಾ ಪಾರ್ಕರ್, ಹದಿನೈದು ವರ್ಷದ ಮಗಳನ್ನು ಒಬ್ಬಳೇ ಸಾಕುತ್ತಿರುವ ತಾಯಿ. ಗುಟ್ಟು ಕಾಪಾಡಬೇಕು ಅಂತ ಅವಳಿಗೆ ಸಿನಿಮಾ ಪೂರ್ತಿ ಒಂದೇ ಕೆಲಸ ಕೊಟ್ಟಿದ್ದಾರೆ: ಮಗಳ ಬಗ್ಗೆ ಆತಂಕಪಡೋದು. ತನಗೂ ಯಾರೋ ಒಬ್ಬ ಇಷ್ಟವಾಗಿದ್ದ, ಅವನನ್ನು ನೋಡಬೇಕು ಅನ್ನಿಸುತ್ತಿದೆ, ಮಗಳಿಗೆ ಹೇಗೆ ಹೇಳೋದು, ಈ ವಯಸ್ಸಲ್ಲಿ ಇದೆಲ್ಲ ಬೇಕಾ. ಇಷ್ಟೂ ನಮಗೆ ಸಿಗಬೇಕಿತ್ತು. ಸಿಗುವುದು ಕೊನೆಯ ಎರಡು ನಿಮಿಷ ಮಾತ್ರ. ಪ್ರೇಮಕಥೆಯಲ್ಲಿ ಪ್ರೇಮವನ್ನೇ ಮುಚ್ಚಿಟ್ಟರೆ ಉಳಿಯುವುದೇನು?

ಇನ್ನೊಂದು ವಿಷಯ ಗಡಿಯಾರದ್ದು. ಪ್ರೇಮಕಥೆ ಅಂದಮೇಲೆ ಅಡ್ಡಿ ಇರಲೇಬೇಕು. ಜಾತಿ, ದುಡ್ಡು, ಅಪ್ಪ ಅಮ್ಮ, ಹಳೆ ಗಾಯ, ಸುಮ್ನೆ ಇಬ್ಬರ ಮೊಂಡುತನ, ಏನಾದರೂ ಸರಿ. ಈ ಸಿನಿಮಾದಲ್ಲಿ ಅಡ್ಡಿ ಬರುವುದೆಲ್ಲ ಯಂತ್ರಗಳಿಂದ. ಡುಹಮೆಲ್‌ನ ಕಾರು ಕೆಡುತ್ತದೆ. ಕಚರ್ ಮತ್ತು ಲಿಯಾ ಮಿಶೆಲ್ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಟೈಮ್ಸ್ ಸ್ಕ್ವೇರ್ ಚೆಂಡು ಅರ್ಧದಲ್ಲಿ ನಿಲ್ಲುತ್ತದೆ. ಕಾರು ರಿಪೇರಿಗೆ ಬದಲು ಬೇರೆ ಗಾಡಿ, ಲಿಫ್ಟಿಗೆ ಮೆಕ್ಯಾನಿಕ್, ಚೆಂಡಿಗೆ ಎಲೆಕ್ಟ್ರಿಷಿಯನ್. ಮನುಷ್ಯರು ಯಾರೂ ಮನಸ್ಸು ಬದಲಾಯಿಸಬೇಕಾಗಿಲ್ಲ. ಏನೂ ಬಿಟ್ಟುಕೊಡಬೇಕಾಗಿಲ್ಲ. ಗಂಟೆ ಹನ್ನೆರಡು ಹೊಡೆಯೋವರೆಗೆ ಕಾಯ್ದರೆ ಸಾಕು.

ಬಾನ್ ಜೋವಿ ಮತ್ತು ಹೈಗಲ್ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. ಮದುವೆಗೆ ಕೇಳಿ, ಒಪ್ಪಿಸಿ, ಆಮೇಲೆ ಓಡಿಹೋದ ಗಂಡಸು ಅವನು. ಒಂದು ವರ್ಷ ಆದ ಮೇಲೆ ಎದುರು ಬಂದು ನಿಂತಿದ್ದಾನೆ. ಅವಳು ಕೆನ್ನೆಗೆ ಬಾರಿಸುತ್ತಾಳೆ, ಸರಿಯಾಗೇ ಬಾರಿಸುತ್ತಾಳೆ. ಅಲ್ಲಿಗೆ ಕಥೆ ಶುರುವಾಗಬೇಕಿತ್ತು. ಯಾಕೆ ಓಡಿದೆ, ಆ ವರ್ಷ ನಾನು ಹೇಗೆ ಕಳೆದೆ ಗೊತ್ತಾ, ಈಗ ನಂಬಬೇಕು ಅಂದರೆ ನೀನು ಏನು ಮಾಡ್ತೀಯಾ? ಯಾವುದನ್ನೂ ಅವಳು ನಿಜವಾಗಿ ಕೇಳುವುದಿಲ್ಲ. ಅವನು ಹಾಡುತ್ತಿದ್ದ ವೇದಿಕೆ ಬಿಟ್ಟು ಬರುತ್ತಾನೆ, ಅವಳು ಕ್ಷಮಿಸುತ್ತಾಳೆ. ಸಂಜೆಗೂ ಮಧ್ಯರಾತ್ರಿಗೂ ನಡುವೆ ಅವನಲ್ಲಿ ಏನು ಬದಲಾಯ್ತು? ಟೈಮ್ ಬದಲಾಯ್ತು, ಅಷ್ಟೇ.

ಬೇಜಾರಾಗುವುದು ಯಾಕೆಂದರೆ ಆ ಚೆಂಡಿಗೆ ಅದರದೇ ಒಂದು ಕಥೆ ಇದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಲೀಕ ಅಡಾಲ್ಫ್ ಓಕ್ಸ್ ತಮ್ಮ ಹೊಸ ಕಟ್ಟಡದ ಹತ್ತಿರ ಹೊಸ ವರ್ಷಕ್ಕೆ ಮೊದಲು ಪಟಾಕಿ ಹಾರಿಸುತ್ತಿದ್ದರು. ಊರಿನವರು ಪಟಾಕಿ ಬೇಡ ಅಂದ ಮೇಲೆ ಬಂದದ್ದು ಈ ಚೆಂಡು. ಮೊದಲ ಸಲ ಇಳಿದದ್ದು 1907ರ ಡಿಸೆಂಬರ್ 31ರಂದು. ಮರ ಮತ್ತು ಕಬ್ಬಿಣದಲ್ಲಿ ಮಾಡಿದ್ದರು, ಐದು ಅಡಿ ಅಗಲ, ಮೈತುಂಬ 25 ವ್ಯಾಟಿನ ನೂರು ಬಲ್ಬು. ಅಲ್ಲಿಂದ ಇಲ್ಲಿವರೆಗೆ ಅದು ಇಳಿಯದೇ ಇದ್ದದ್ದು ಎರಡೇ ವರ್ಷ, 1942 ಮತ್ತು 1943. ಎರಡನೇ ಮಹಾಯುದ್ಧದ ಕಾಲ, ಊರಲ್ಲಿ ಹೊರಗೆ ಜೋರು ದೀಪ ಹಚ್ಚುವ ಹಾಗಿರಲಿಲ್ಲ. ಆದರೂ ಜನ ಬಂದು ಸೇರಿದರು. ಕತ್ತಲಲ್ಲೇ ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ಗಂಟೆಯ ಸದ್ದು ಕೇಳಿಸಿದರು.

ಇಳಿಯುವ ಚೆಂಡೇ ಇಲ್ಲ, ಆದರೂ ಜನ ಬಂದಿದ್ದಾರೆ! ಇಂಥ ಒಂದು ವಿಷಯ ಕೈಯಲ್ಲಿಟ್ಟುಕೊಂಡು ಈ ಸಿನಿಮಾ ಮಾಡಿದ್ದೇನು? ಚೆಂಡು ಕೆಟ್ಟು ನಿಂತಾಗ ಕ್ಲೇರ್ ಕೈಯಲ್ಲಿ ಒಂದು ಭಾಷಣ ಮಾಡಿಸಿದೆ. ಹಿಂದೆ ತಿರುಗಿ ನೋಡೋಣ, ಕ್ಷಮಿಸೋಣ, ಇನ್ನೊಂದು ಅವಕಾಶ ಕೊಡೋಣ ಅನ್ನುವ ಧಾಟಿಯ ಮಾತುಗಳು. ಸೇರಿದ ಜನರೂ ಕರಗುತ್ತಾರೆ. ಗ್ಯಾರಿ ಮಾರ್ಷಲ್ ಹುಟ್ಟಿದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ, 1934ರಲ್ಲಿ. ಆ ಕತ್ತಲ ಡಿಸೆಂಬರ್‌ಗಳಲ್ಲಿ ಅವರು ಆ ಊರಿನ ಪುಟ್ಟ ಹುಡುಗ. ಅಂಥವರು ತಮ್ಮ ಊರನ್ನು ಗ್ರೀಟಿಂಗ್ ಕಾರ್ಡಿನ ಹಾಗೆ ತೋರಿಸಿದ್ದು ಯಾಕೆ ಅಂತ ನನಗೆ ಒಗಟು.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡ ವಿಷಯ. ಈ ಸಿನಿಮಾದ ಹೊಟ್ಟೆಯೊಳಗೆ ಇನ್ನೊಂದು ಒಳ್ಳೆ ಸಿನಿಮಾ ಇದೆ. ಮಾಡಿದವರ ಕಣ್ಣಿಗೇ ಅದು ಬಿದ್ದಿಲ್ಲ.

ಒಂದು ಕಾಲದಲ್ಲಿ ನಾನು ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಗ್ರಾಹಕರು ಅಮೆರಿಕದವರು. ಡಿಸೆಂಬರ್ 31 ಅಂದರೆ ನಮಗೆ ರಜಾ ಅಲ್ಲ, ಅವರು ಬೆಳಗ್ಗೆಯಿಂದಲೇ ಫೋನ್ ಮಾಡೋ ದಿನ. ಬೆಂಗಳೂರಲ್ಲಿ ಹನ್ನೆರಡು ಹೊಡೆದಾಗ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ ಒಂದೂವರೆ. ಬ್ರಿಗೇಡ್ ರೋಡಲ್ಲಿ ಜನ ಕುಣೀತಿರ್ತಾರೆ, ನಾವು ಹೆಡ್‌ಸೆಟ್ ಹಾಕಿಕೊಂಡು ಯಾರದೋ ಬಿಲ್ಲಿನ ತಕರಾರು ಕೇಳ್ತಿರ್ತೀವಿ. ಮ್ಯೂಟ್ ಒತ್ತಿ ಪಕ್ಕದ ಸೀಟಿನವಳಿಗೆ 'ಹ್ಯಾಪಿ ನ್ಯೂ ಇಯರ್ ಕಣೇ' ಅಂದು, ತಕ್ಷಣ ಮ್ಯೂಟ್ ತೆಗೆದು ಮತ್ತೆ ಇಂಗ್ಲಿಷಿಗೆ ಹೋಗೋದು. ಟೀಮ್ ಲೀಡರ್ ಪೇಪರ್ ತಟ್ಟೆಯಲ್ಲಿ ಕೇಕ್ ಹಿಡಿದುಕೊಂಡು ಸಾಲು ಸಾಲಾಗಿ ಬರ್ತಿದ್ದರು. ತಿನ್ನೋಕೆ ಎರಡು ಕಾಲ್‌ಗಳ ನಡುವೆ ಸಿಗುವಷ್ಟೇ ಹೊತ್ತು. ಕೀಬೋರ್ಡ್ ಮೇಲೆ ಕ್ರೀಮ್ ಬೀಳುತ್ತೆ ಅಂತ ಕೆಲವರು ಎಡಗೈಯಲ್ಲೇ ತಿನ್ನುತ್ತಿದ್ದರು. ಟೈಮ್ಸ್ ಸ್ಕ್ವೇರ್‌ನಲ್ಲಿ ಚೆಂಡು ಇಳಿಯೋದು ನಮ್ಮ ಜನವರಿ 1ರ ಬೆಳಗ್ಗೆ ಹತ್ತೂವರೆಗೆ. ಅಷ್ಟೊತ್ತಿಗೆ ನಾವು ಮನೆಗೆ ಹೋಗಿ ಕರ್ಟನ್ ಎಳೆದು ಮಲಗಿರ್ತಿದ್ವಿ.

ಅದಕ್ಕೋ ಏನೋ, ಈ ಸಿನಿಮಾ ನೋಡಿದಾಗೆಲ್ಲ ನನ್ನ ಕಣ್ಣು ಕೆಲಸ ಮಾಡುವವರ ಕಡೆ ಹೋಗುತ್ತೆ. ಎಷ್ಟು ಜನ ಇದ್ದಾರೆ ನೋಡಿ. ಹ್ಯಾಲಿ ಬೆರಿ ನರ್ಸ್, ರಾತ್ರಿ ಡ್ಯೂಟಿ. ಹೈಗಲ್ ಕೇಟರಿಂಗ್ ಮಾಡುವವಳು, ನೂರಾರು ಅತಿಥಿಗಳ ಅಡುಗೆ ಅವಳ ತಲೆ ಮೇಲೆ. ಲಿಯಾ ಮಿಶೆಲ್ ಹಿಂದೆ ನಿಂತು ಕೋರಸ್ ಹಾಡುವವಳು. ಎಫ್ರಾನ್ ಸೈಕಲ್ ಮೇಲೆ ಪಾರ್ಸಲ್ ತಲುಪಿಸುವ ಹುಡುಗ. ಲೂಡಾಕ್ರಿಸ್ ಬಂದೋಬಸ್ತಿಗೆ ನಿಂತ ಪೊಲೀಸ್. ಲಿಫ್ಟ್ ರಿಪೇರಿಗೆ ಬರುವವನು, ಹೆರಿಗೆ ವಾರ್ಡಿನ ಡಾಕ್ಟರ್, ಕ್ಲೇರ್ ಕೂಡ. ಹಬ್ಬದ ರಾತ್ರಿ ಬೇರೆಯವರ ಹಬ್ಬ ನಡೆಯಲಿ ಅಂತ ದುಡಿಯುವವರೇ ಸಿನಿಮಾ ತುಂಬ. ಆದರೆ ಕ್ಯಾಮೆರಾ ಅವರ ಕೈ ನೋಡುವುದಿಲ್ಲ, ತುಟಿಯನ್ನೇ ನೋಡುತ್ತಿರುತ್ತದೆ. ಹನ್ನೆರಡು ಗಂಟೆಗೆ ಯಾರಿಗೆ ಯಾರು ಮುತ್ತು ಕೊಡುತ್ತಾರೆ ಅನ್ನುವುದೊಂದೇ ಅದಕ್ಕೆ ಮುಖ್ಯ.

ಕೋಮಿನ್ಸ್ಕಿ ಅಂತ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ. ಹೆಕ್ಟರ್ ಎಲಿಜಾಂಡೋ ಮಾಡಿದ್ದಾರೆ. (ಈ ಎಲಿಜಾಂಡೋ ಮಾರ್ಷಲ್ ನಿರ್ದೇಶಿಸಿದ ಹದಿನೆಂಟೂ ಸಿನಿಮಾಗಳಲ್ಲಿ ಇದ್ದಾರೆ. ಮಾರ್ಷಲ್‌ಗೆ ಇವರಿಲ್ಲದೆ ಸಿನಿಮಾ ಮಾಡೋಕೇ ಬರ್ತಿರಲಿಲ್ಲ ಅನ್ನಿ.) ಚೆಂಡಿನ ಒಳಗಿನ ತಂತಿ ತಂತಿಯೂ ಗೊತ್ತಿರುವ ಮನುಷ್ಯ ಕೋಮಿನ್ಸ್ಕಿ. ಕೆಲವು ವಾರದ ಹಿಂದೆ ಅವನನ್ನು ಕೆಲಸದಿಂದ ತೆಗೆದಿದ್ದಾರೆ. ಚೆಂಡು ಕೆಟ್ಟಾಗ ಬೇರೆ ದಾರಿಯಿಲ್ಲದೆ ಅವನಿಗೇ ಫೋನ್ ಹೋಗುತ್ತದೆ. ಅವನು ಬರುತ್ತಾನೆ, ರಿಪೇರಿ ಮಾಡುತ್ತಾನೆ. ಕ್ಲೇರ್ ಸಂತೋಷದಿಂದ ಅಲ್ಲಿನ ಉಸ್ತುವಾರಿಯನ್ನೇ ಅವನಿಗೆ ಒಪ್ಪಿಸಿ ಅಪ್ಪನನ್ನು ನೋಡೋಕೆ ಓಡುತ್ತಾಳೆ. ಸಿನಿಮಾಗೆ ಇದೊಂದು ಮುದ್ದಾದ ತಿರುವು. ನನಗೆ ಆ ಫೋನ್ ಕಾಲೇ ಮುಖ್ಯ ಅನ್ನಿಸುತ್ತದೆ. ಮನೆಗೆ ಕಳಿಸಿದವರೇ ಹಬ್ಬದ ರಾತ್ರಿ ಕರೆದಾಗ ಆ ವಯಸ್ಸಾದ ಮನುಷ್ಯ ಕೋಟು ಹಾಕಿಕೊಳ್ಳುವಾಗ ಏನಂದುಕೊಂಡ? ಮನೆಯಲ್ಲಿ ಯಾರಾದರೂ 'ಹೋಗಬೇಡಿ, ಅವರೇ ಪಾಡು ಪಡಲಿ' ಅಂದರಾ? ದುಡ್ಡಿಗೆ ಬಂದನಾ, ಹಟಕ್ಕೆ ಬಂದನಾ, ಚೆಂಡಿನ ಮೇಲಿನ ಪ್ರೀತಿಗೆ ಬಂದನಾ? ನನ್ನ ಪ್ರಕಾರ ಸಿನಿಮಾದ ನಿಜವಾದ ಪ್ರೇಮಕಥೆ ಇದು. ಎಲಿಜಾಂಡೋಗೆ ಅದನ್ನು ಮಾಡುವ ಶಕ್ತಿಯೂ ಇತ್ತು. ಆದರೆ ಅವನಿಗೆ ಸಿಕ್ಕ ಹೊತ್ತು ಮುತ್ತಿಗಾಗಿ ಪರದಾಡುವ ಹದಿನೈದರ ಹುಡುಗಿಗೆ ಸಿಕ್ಕಿದ್ದಕ್ಕಿಂತ ಕಮ್ಮಿ.

ಹೈಗಲ್ ಕೂಡ ಹಾಗೇ. ಪ್ರಿಯಕರ ಬಂದ ಅಂತ ಪಾರ್ಟಿ ಮಧ್ಯದಲ್ಲೇ ಕೆಲಸ ಬಿಟ್ಟು ಹೊರಡುತ್ತಾಳೆ. ಅಡುಗೆಮನೆಯ ಜೊತೆಗಾರರು 'ಹೋಗು, ನಾವು ನೋಡ್ಕೋತೀವಿ' ಅನ್ನುತ್ತಾರೆ. ನಾವು ಚಪ್ಪಾಳೆ ಹೊಡೆಯಬೇಕು. ಪಾಳಿ ಮಾಡಿದ ಯಾರನ್ನಾದರೂ ಕೇಳಿ, ಅವರಿಗೆ ಮೊದಲು ಹೊಳೆಯುವುದು ಉಳಿದ ತಟ್ಟೆಗಳನ್ನು ಯಾರು ತೊಳೆದರು ಅಂತ. ಸೋಫಿಯಾ ವರ್ಗಾರಾ ಆ ಅಡುಗೆಮನೆಯಲ್ಲಿ ಹೈಗಲ್ ಕೈಕೆಳಗೆ ಕೆಲಸ ಮಾಡುವವಳು. ಅವಳಿಗೆ ಕೊಟ್ಟಿರುವುದು ಕಣ್ಣರಳಿಸಿ, ಉಚ್ಚಾರಣೆ ಜೋರು ಮಾಡಿ ನಗಿಸುವ ಕೆಲಸ. ಬೇರೆ ದೇಶದಿಂದ ಬಂದು ಅಡುಗೆಮನೆಯಲ್ಲಿ ದುಡಿಯುವವರಿಂದಲೇ ನ್ಯೂಯಾರ್ಕ್‌ನ ಅರ್ಧ ಊಟ ಆಗುವುದು. ಸಿನಿಮಾಗೆ ಆ ಉಚ್ಚಾರಣೆಯೇ ಜೋಕು.

ಚೆನ್ನಾಗಿರೋದು ಏನೂ ಇಲ್ಲವಾ? ಇದೆ. ಹ್ಯಾಲಿ ಬೆರಿ ಆಸ್ಪತ್ರೆಯಲ್ಲೇ ಯೂನಿಫಾರ್ಮ್ ಬಿಚ್ಚಿ ಚೆಂದದ ಬಟ್ಟೆ ಹಾಕಿಕೊಂಡು ಸಿಂಗಾರ ಮಾಡಿಕೊಳ್ಳುತ್ತಾಳೆ. ಪಾರ್ಟಿಗೆ ಹೊರಟಳು ಅಂದುಕೊಳ್ಳುತ್ತೇವೆ. ಅವಳು ಹೋಗಿ ಕೂರುವುದು ಒಂದು ಪರದೆ ಮುಂದೆ. ಗಂಡ ಅಫ್ಘಾನಿಸ್ತಾನದಲ್ಲಿ ಸೈನಿಕ, ವಿಡಿಯೋ ಕಾಲ್‌ನಲ್ಲಿ ಬರುತ್ತಾನೆ. ಅವನು ನೋಡಲಿ ಅಂತ ಅಷ್ಟು ಸಿಂಗಾರ. ಇಲ್ಲೂ ಗುಟ್ಟಿನ ಆಟ ಇದೆ, ಆದರೆ ಇಲ್ಲಿ ಅದು ನಿಲ್ಲುತ್ತದೆ. ಬೆರಿ ಮುಖದಲ್ಲಿ ನಗುವೂ ದಣಿವೂ ಒಟ್ಟಿಗೇ ಕಾಣುತ್ತವೆ. ಗಡಿಯಾರ ಇಲ್ಲಿ ಯಾರನ್ನೂ ಒಂದು ಮಾಡುವುದಿಲ್ಲ. ಕಾಲ್ ಮುಗಿದ ಮೇಲೂ ಅವನು ಅಲ್ಲೇ, ಅವಳು ಇಲ್ಲೇ.

ಮಿಶೆಲ್ ಫೈಫರ್ ಮತ್ತು ಎಫ್ರಾನ್ ಭಾಗವೂ ಪರವಾಗಿಲ್ಲ. ಅವಳು ಕೆಲಸಕ್ಕೆ ರಾಜೀನಾಮೆ ಕೊಟ್ಟ ಹೆಂಗಸು. ಮಾಡಬೇಕು ಅಂದುಕೊಂಡು ಮಾಡದೇ ಬಿಟ್ಟ ಆಸೆಗಳ ಪಟ್ಟಿ ಹಿಡಿದಿದ್ದಾಳೆ. ಅವನ್ನೆಲ್ಲ ಇವತ್ತೇ ಪೂರೈಸಿಕೊಟ್ಟರೆ ದೊಡ್ಡ ಪಾರ್ಟಿಯ ಟಿಕೆಟ್ ಕೊಡ್ತೀನಿ ಅಂತ ಎಫ್ರಾನ್ ಜೊತೆ ಒಪ್ಪಂದ. ಇಬ್ಬರಿಗೂ ಏನೋ ಬೇಕು, ಇಬ್ಬರೂ ಏನೋ ಮಾಡುತ್ತಿದ್ದಾರೆ, ಹಾಗಾಗಿ ನೋಡೋಕೆ ಖುಷಿ. ಫೈಫರ್ ಹೆದರಿದ ಪಾರಿವಾಳದ ಹಾಗೆ ತಲೆ ತಗ್ಗಿಸಿ ಶುರು ಮಾಡಿ, ನಿಧಾನಕ್ಕೆ ಕತ್ತು ಎತ್ತುತ್ತಾ ಬರುತ್ತಾರೆ. ಪಾತ್ರ ಬೆಳೆಯೋದು ಅಂದರೆ ಅದು. ಇದೊಂದನ್ನೇ ಹಿಡಿದು ಎರಡು ಗಂಟೆ ಮಾಡಿದ್ದರೆ ನಾನು ವರ್ಷಕ್ಕೆರಡು ಸಲ ನೋಡುತ್ತಿದ್ದೆ.

ಮಾಡುವುದಿಲ್ಲ, ಯಾಕೆಂದರೆ ಈ ವ್ಯಾಪಾರ ನಡೆಯೋದೇ ಬೇರೆ ಥರ. 2010ರಲ್ಲಿ ಇದೇ ಮಾರ್ಷಲ್, ಇದೇ ಫ್ಯೂಗೇಟ್ 'ವ್ಯಾಲೆಂಟೈನ್ಸ್ ಡೇ' ಮಾಡಿದ್ದರು. ಲಾಸ್ ಏಂಜಲೀಸ್‌ನಲ್ಲಿ, ಅದೇ ಮಾದರಿ. ಸುಮಾರು 5.2 ಕೋಟಿ ಡಾಲರ್ ಹಾಕಿ 21 ಕೋಟಿಗೂ ಮೇಲೆ ತೆಗೆದರು. ಜೂಲಿಯಾ ರಾಬರ್ಟ್ಸ್ ಅದರಲ್ಲಿ ಬರುವುದು ಕೆಲವೇ ನಿಮಿಷ, ಆದರೂ ಪೋಸ್ಟರಿನ ಮೇಲೆ ಇದ್ದಾರೆ. ಒಬ್ಬೊಬ್ಬ ತಾರೆಗೆ ನಾಲ್ಕಾರು ದಿನದ ಶೂಟಿಂಗ್ ಸಾಕು. ಜೊತೆಗೆ ಕ್ಯಾಲೆಂಡರೇ ಪುಕ್ಕಟೆ ಪ್ರಚಾರ ಮಾಡುತ್ತದೆ. ಹಬ್ಬದ ಹೆಸರನ್ನೇ ಸಿನಿಮಾಗೆ ಇಟ್ಟರೆ ಆ ಹಬ್ಬಕ್ಕೆ ಯಾವ ಸಿನಿಮಾ ನೋಡಬೇಕು ಅಂತ ಯಾರೂ ಯೋಚಿಸಬೇಕಾಗಿಲ್ಲ. 'ನ್ಯೂ ಇಯರ್ಸ್ ಈವ್'ಗೆ ಸುಮಾರು 5.6 ಕೋಟಿ ಹಾಕಿದರು, 14 ಕೋಟಿಯಷ್ಟು ಬಂತು. ವಿಮರ್ಶಕರು ಉಗಿದರು, ವರ್ಷದ ಕೆಟ್ಟ ಸಿನಿಮಾಗಳಿಗೆ ಕೊಡುವ ರ್‍ಯಾಝಿ ಪ್ರಶಸ್ತಿಗೆ ನಾಮನಿರ್ದೇಶನವೂ ಆಯ್ತು. ಆದರೂ 2016ರಲ್ಲಿ 'ಮದರ್ಸ್ ಡೇ' ಬಂತು. ಮಾರ್ಷಲ್ ತೀರಿಕೊಂಡದ್ದು ಅದೇ ವರ್ಷ ಜುಲೈನಲ್ಲಿ. ಹಿಂದಿಯಲ್ಲಿ ಇಂಥದ್ದೇ ಒಂದು ಪ್ರಯತ್ನ 2007ರಲ್ಲೇ ಆಗಿತ್ತು. 'ಸಲಾಮ್-ಎ-ಇಶ್ಕ್', ಆರು ಜೋಡಿ, ಮೂರೂವರೆ ಗಂಟೆ. ಅದರ ಬಗ್ಗೆ ಇನ್ನೊಂದು ದಿನ ಬೈಯೋಣ.

ಇಷ್ಟೆಲ್ಲ ಹೇಳಿದ ಮೇಲೂ ನೋಡ್ತೀನಿ ಅನ್ನುವವರಿಗೆ ಒಂದು ಮಾತು: ಹೆಸರುಗಳು ಓಡೋಕೆ ಶುರುವಾದಾಗ ಎದ್ದು ಹೋಗಬೇಡಿ. ಶೂಟಿಂಗ್‌ನಲ್ಲಿ ತಪ್ಪಿದ ಮಾತು, ತಡೆಯಲಾಗದ ನಗು, ಎಲ್ಲ ಕೊನೆಯಲ್ಲಿ ತೋರಿಸುತ್ತಾರೆ. ಅದರಲ್ಲಿ ಒಂದು ಕಡೆ ಜೆಸಿಕಾ ಬೀಲ್ ಹೆರಿಗೆ ದೃಶ್ಯ. ಎಲ್ಲರೂ ಕಾಯುತ್ತಿದ್ದಾರೆ, ಮಗುವಿನ ಬದಲು ಹೊರಗೆ ಬರುವುದು 'ವ್ಯಾಲೆಂಟೈನ್ಸ್ ಡೇ' ಸಿನಿಮಾದ ಡಿಸ್ಕ್. ಎರಡು ಗಂಟೆಯಲ್ಲಿ ನಾನು ಜೋರಾಗಿ ನಕ್ಕಿದ್ದು ಅಲ್ಲೊಂದೇ ಕಡೆ.